ಕೊಯ್ಲಿಗೆ ಹೋಗಿ ಬಂದ ಮಗು ಯಾವ ಪುಟ ತೆರೆಯಬೇಕು?

ಶಾಲೆಯ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಕಾಫಿಯ ವರ್ಷದ ಲೆಕ್ಕವೇ ಬೇರೆ. ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಗಿಡ ಅರಳುತ್ತದೆ. ಮುಂಗಾರು ಮುಗಿಯುವಷ್ಟರಲ್ಲಿ ಕಾಯಿ ಬಲಿಯುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದರ ಕೊಯ್ಲು ಮುಗಿಯುತ್ತಿದ್ದಂತೆ ರೊಬಸ್ಟಾದ ಸರದಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಈ ಎರಡು ಲೆಕ್ಕಗಳೂ ಒಂದೇ ಮಗುವಿನ ತಲೆಯ ಮೇಲೆ ಬೀಳುತ್ತವೆ. ಜುಲೈ, ಆಗಸ್ಟ್‌ನಲ್ಲಿ ಹಳ್ಳ ತುಂಬಿ, ರಸ್ತೆಗೆ ಮರ ಬಿದ್ದು, ಶಾಲೆಗಳಿಗೆ ಮಳೆ ರಜೆ ಘೋಷಣೆಯಾಗುತ್ತದೆ. ಕಾಡಾನೆ ಓಡಾಡುತ್ತಿದೆ ಎಂಬ ಸುದ್ದಿ ಬಂದ ದಿನ ಒಂಟಿ ಮನೆಗಳ ಮಕ್ಕಳು ಶಾಲೆಯ ದಾರಿ ಹಿಡಿಯುವುದಿಲ್ಲ. ಕೊಯ್ಲಿನ ಕಾಲಕ್ಕೆ ತೋಟದ ಕೂಲಿಯವರ ಲೈನ್‌ಮನೆಗಳು ತುಂಬುತ್ತವೆ. ಬಯಲುಸೀಮೆಯಿಂದ, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಕುಟುಂಬಗಳು ಬರುತ್ತವೆ. ಜೊತೆಗೆ ತಮ್ಮೂರಿನ ಶಾಲೆಯನ್ನು ಅರ್ಧಕ್ಕೆ ಬಿಟ್ಟ ಮಕ್ಕಳು. ಇಲ್ಲಿನ ಮಕ್ಕಳಲ್ಲೂ ಕೆಲವರು ಅಪ್ಪ ಅಮ್ಮ ಹಣ್ಣು ಕೊಯ್ಯುವಾಗ ತೋಟದ ಅಂಚಿನಲ್ಲಿ ತಮ್ಮನನ್ನೋ ತಂಗಿಯನ್ನೋ ಆಡಿಸುತ್ತ ಕೂರುತ್ತಾರೆ. ಫೆಬ್ರುವರಿಯ ಕೊನೆಗೆ ಅಂಥ ಮಗುವೊಂದು ತರಗತಿಗೆ ಮರಳಿದಾಗ ಪಾಠ ಹನ್ನೆರಡನೆಯದಕ್ಕೆ ಬಂದಿರುತ್ತದೆ, ಮಗು ಏಳರಲ್ಲಿ ನಿಂತಿರುತ್ತದೆ, ಪರೀಕ್ಷೆ ಮುಂದಿನ ತಿಂಗಳು. ಅದು ಯಾವ ಪುಟ ತೆರೆಯಬೇಕು?

ಈ ಪ್ರಶ್ನೆಗೆ ನಮ್ಮ ಶಾಲಾ ವ್ಯವಸ್ಥೆ ಸಾಮಾನ್ಯವಾಗಿ ಕೊಡುವ ಉತ್ತರ: ಎಲ್ಲರೂ ತೆರೆದ ಪುಟವನ್ನೇ. ಮಗು ತೆರೆಯುತ್ತದೆ, ಅರ್ಥವಾಗದ ಪುಟದ ಮುಂದೆ ತಲೆ ತಗ್ಗಿಸಿ ಕೂರುವುದನ್ನೂ ಕಲಿಯುತ್ತದೆ. ಇದಕ್ಕೆ ಬದಲಾಗಿ ತನ್ನ ಕಲಿಕೆಯನ್ನು ಮಗುವೇ ಮುನ್ನಡೆಸಬೇಕು ಎಂಬ ಮಾತು ಕೇಳಿದ ಕೂಡಲೇ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ನಗರದ ಹೊರವಲಯದಲ್ಲಿ ಮರಗಳ ನಡುವೆ ಕಟ್ಟಿದ, ಗಂಟೆ ಬಾರಿಸದ, ಲಕ್ಷಗಟ್ಟಲೆ ಶುಲ್ಕದ ಶಾಲೆಗಳು. ಹೊಟ್ಟೆ ತುಂಬಿದವರ ಮಾತು ಅದು, ಮೂಡಿಗೆರೆಯ ಲೈನ್‌ಮನೆಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ದಿನವೂ ತಪ್ಪದೆ ಶಾಲೆಗೆ ಬರುವ, ಮನೆಯಲ್ಲಿ ಓದಿಸುವವರಿರುವ ಮಗು ಯಾವ ಪದ್ಧತಿಯಲ್ಲಾದರೂ ಕಲಿತೀತು. ನಡುನಡುವೆ ತುಂಡಾಗುವ ಶಾಲಾ ಜೀವನವುಳ್ಳ ಮಗುವಿಗೆ ತಾನು ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಯಾವುದು ಎಂಬುದು ತಾನೇ ಓದಿಕೊಳ್ಳುವಂತೆ ಗೋಡೆಯ ಮೇಲೆ ಇರಬೇಕು. ಕಾಫಿ ಬೆಟ್ಟಗಳಲ್ಲಿ ಸ್ವಯಂಕಲಿಕೆ ಶೋಕಿಯ ವಿಷಯವೇ ಅಲ್ಲ, ಬರಗಾಲದ ಬುತ್ತಿ.

ಇದಕ್ಕಾಗಿ ದೂರ ಹುಡುಕಬೇಕಾಗಿಲ್ಲ, ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಾರ್ಡುಗಳನ್ನಾಗಿ ಮಾಡಿದ್ದರು. ಹೆಗ್ಗಡದೇವನಕೋಟೆ ಕೂಡ ಕಾಡಂಚಿನ ತಾಲ್ಲೂಕು. ಅಲ್ಲಿಯೂ ಮಕ್ಕಳು ಬರುವುದು ಹೋಗುವುದು ನಡೆದೇ ಇತ್ತು. ಶಿಕ್ಷಕರು ತಿರುಗಿ ಬಂದು ಕೂತು ಕನ್ನಡದಲ್ಲಿ ತಮ್ಮದೇ ಕಾರ್ಡುಗಳನ್ನು ಬರೆದರು. ನಲಿ-ಕಲಿ ಹುಟ್ಟಿದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೂ ಮುಂದಿನ ವರ್ಷ ಮೂರನೆಯದಕ್ಕೂ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಸುತ್ತುಗೂಡಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ; ಏಣಿಯಲ್ಲಿ ಮೈಲಿಗಲ್ಲುಗಳು; ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಒಂದು ಕಾರ್ಡು. ಓದು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆಯಬಲ್ಲದು. ಕಾರ್ಡಿನ ಸ್ವರೂಪಕ್ಕೆ ತಕ್ಕಂತೆ ಅದು ಯಾವ ತಟ್ಟೆಯ ಗುಂಪಿಗೆ ಹೋಗಬೇಕೆಂಬುದು ಗೊತ್ತಾಗುತ್ತದೆ: ಶಿಕ್ಷಕರು ಪೂರ್ತಿ ಜೊತೆಗಿರುವ ಗುಂಪಿಗೋ, ಅವರು ಆಗೀಗ ಬಂದು ನೋಡುವ ಗುಂಪಿಗೋ, ಸಹಪಾಠಿ ಹೇಳಿಕೊಡುವ ಗುಂಪಿಗೋ, ತಾನೊಬ್ಬನೇ ಮಾಡುವ ಸ್ವಕಲಿಕೆಯ ಗುಂಪಿಗೋ. ಮಾಡಿದ ಕೆಲಸ ತಲೆಯ ಮೇಲಿನ ಕಲಿಕಾ ಚಪ್ಪರದಲ್ಲಿ ತೂಗುತ್ತದೆ. ಇಪ್ಪತ್ತು ದಿನ ತಪ್ಪಿಸಿಕೊಂಡ ಮಗು ಬಂದು ಏಣಿಯ ಮುಂದೆ ನಿಂತರೆ ತನ್ನ ಮೆಟ್ಟಿಲು ಅಲ್ಲೇ ಇರುತ್ತದೆ. ಅದು ಯಾರಿಗಿಂತಲೂ ಹಿಂದೆ ಬಿದ್ದಿಲ್ಲ. ಬಿಟ್ಟಲ್ಲಿಂದ ಹತ್ತಬೇಕು, ಅಷ್ಟೇ.

ಇಲ್ಲಿ ಒಂದು ಸಣ್ಣ ಸಂಗತಿಯ ಬಳಿ ಸ್ವಲ್ಪ ನಿಲ್ಲಬೇಕು, ಇಡೀ ವಾದದ ಬೇರು ಅದರಲ್ಲಿದೆ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಆಮೇಲೆ ಜ, ವ, ಮ, ಬ, ನ. ಇದನ್ನು ಕಂಡು ಸಿಟ್ಟಾಗುವ ಹಿರಿಯರು ಎಲ್ಲ ಊರಿನಲ್ಲೂ ಇದ್ದಾರೆ. ಎರಡು ತಿಂಗಳಾದರೂ ಮಗುವಿಗೆ ವರ್ಣಮಾಲೆ ಬಾಯಿಗೆ ಬರಲಿಲ್ಲವಲ್ಲ, ಮೇಷ್ಟ್ರು ಏನು ಮಾಡುತ್ತಿದ್ದಾರೆ ಎಂಬ ಗೊಣಗಾಟ. ಆದರೆ ಆ ಐದು ಅಕ್ಷರಗಳನ್ನು ಮುಂದಿಟ್ಟುಕೊಂಡು ನೋಡಿ: ಸರ, ರಸ, ಅರಸ, ಅಗಸ, ದಸರ, ಗರಗಸ. ಕೈ ತಿರುಗಿಸಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಾದ ಐದೇ ಐದು ಅಕ್ಷರ ಕಲಿತ ಮಗು ತಾನೇ ಪದ ಓದುತ್ತದೆ, ಹೊಸ ಪದ ಕಟ್ಟುತ್ತದೆ. ಅ ಆ ಇ ಈ ಉ ಕಲಿತ ಮಗು ಅಷ್ಟು ಹೊತ್ತಿಗೆ ಏನನ್ನು ಓದೀತು? ವರ್ಣಮಾಲೆಯ ಕ್ರಮ ವ್ಯಾಕರಣಕಾರನ ಅನುಕೂಲಕ್ಕೆ ಇರುವಂಥದ್ದು. ಆರು ವರ್ಷದ ಮಗುವಿನ ಅನುಕೂಲಕ್ಕೆ ಯಾರೋ ತಲೆ ಕೆಡಿಸಿಕೊಂಡು ಬೇರೆ ಕ್ರಮ ಹುಡುಕಬೇಕಾಯಿತು. ಮಗುವಿಗೆ ಸಿಕ್ಕ ಸ್ವಾತಂತ್ರ್ಯದ ಹಿಂದೆ ದೊಡ್ಡವರ ಬಹಳ ಸೂಕ್ಷ್ಮವಾದ ದುಡಿಮೆಯಿದೆ. ಏಣಿಯನ್ನು ಮಗು ಮಾಡುವುದಿಲ್ಲ, ಹತ್ತುತ್ತದೆ. ಈ ವ್ಯತ್ಯಾಸ ಮರೆತಲ್ಲೆಲ್ಲ ಸ್ವಯಂಕಲಿಕೆ ಕೆಟ್ಟ ಹೆಸರು ಪಡೆದಿದೆ.

ಕೆಟ್ಟ ಹೆಸರಿಗೆ ಕಾರಣಗಳಿಲ್ಲ ಎಂದು ನಾನು ಹೇಳಲಾರೆ. 2006ರಲ್ಲಿ ಪಾಲ್ ಕಿರ್ಶ್ನರ್, ಜಾನ್ ಸ್ವೆಲರ್, ರಿಚರ್ಡ್ ಕ್ಲಾರ್ಕ್ ಎಂಬ ಮೂವರು ಮನೋವಿಜ್ಞಾನಿಗಳು ಬರೆದ ಪ್ರಬಂಧ ಈಗಲೂ ಚರ್ಚೆಯಲ್ಲಿದೆ. ವಿಷಯಕ್ಕೆ ಹೊಸಬನಾದ ಕಲಿಯುವವನನ್ನು ಕಡಿಮೆ ಮಾರ್ಗದರ್ಶನದಲ್ಲಿ ಬಿಟ್ಟರೆ ಅವನು ಹೆಚ್ಚೇನೂ ಕಲಿಯುವುದಿಲ್ಲ, ಅವನ ಗಮನವೆಲ್ಲ ದಾರಿ ಹುಡುಕುವುದರಲ್ಲೇ ಖರ್ಚಾಗುತ್ತದೆ ಎಂಬುದು ಅವರ ವಾದ. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದ ಬಡ ಮಕ್ಕಳ ಶಾಲೆಗಳಲ್ಲಿ ನಡೆದ ಫಾಲೋ ಥ್ರೂ ಎಂಬ ಭಾರಿ ಹೋಲಿಕೆಯಲ್ಲೂ ಹೆಚ್ಚು ಅಂಕ ತಂದದ್ದು ಶಿಕ್ಷಕರೇ ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವ ಪದ್ಧತಿ. ನಮ್ಮ ದೇಶದಲ್ಲೇ 1999ರಲ್ಲಿ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯ ಗೋಡೆಯೊಂದರಲ್ಲಿ ಕಂಪ್ಯೂಟರ್ ಇಟ್ಟು ಮಕ್ಕಳು ತಾವೇ ಕಲಿಯುತ್ತಾರೆ ಎಂದು ತೋರಿಸಿದಾಗ ಜಗತ್ತು ಚಪ್ಪಾಳೆ ಹೊಡೆಯಿತು. ಮೌಸ್ ಹಿಡಿಯಲು ಕಲಿಯುವುದಕ್ಕೂ ಭಾಗಾಕಾರ ಕಲಿಯುವುದಕ್ಕೂ ಇರುವ ಅಂತರ ಆ ಚಪ್ಪಾಳೆಯಲ್ಲಿ ಮರೆತುಹೋಯಿತು. ಈ ಸಾಕ್ಷ್ಯವನ್ನು ತಳ್ಳಿಹಾಕಬಾರದು. ಆದರೆ ಅದು ಹೇಳುವುದೇನೆಂದರೆ ಮಗುವಿಗೆ ಸ್ಪಷ್ಟವಾದ, ಚಿಕ್ಕದಾದ, ಆ ಹೊತ್ತಿಗೆ ಎಟಕುವಂಥ ಹೆಜ್ಜೆ ಬೇಕು ಎಂದು. ನಲವತ್ತು ಮಕ್ಕಳಿಗೂ ಒಂದೇ ದಿನ ಒಂದೇ ಹೆಜ್ಜೆ ಬೇಕು ಎಂದಲ್ಲ. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ನೋಡಿದ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಒಂಬತ್ತನೆಯದರ ಹೊತ್ತಿಗೆ ಆ ಅಂತರ ನಾಲ್ಕೂವರೆಗೆ ಏರಿತ್ತು. ಪ್ರತಿ ಮಗುವಿಗೂ ಅದು ನಿಂತ ಮಟ್ಟದಿಂದಲೇ ಅಭ್ಯಾಸ ಕೊಟ್ಟ ತಂತ್ರಾಂಶದ ಜೊತೆ ನಾಲ್ಕೂವರೆ ತಿಂಗಳು ಕಳೆದವರು ಗಣಿತದಲ್ಲೂ ಹಿಂದಿಯಲ್ಲೂ ಎದ್ದು ಕಾಣುವಷ್ಟು ಮುಂದೆ ಬಂದರು. ನಿಂತಲ್ಲಿಂದ ಹೆಜ್ಜೆ ಎಂಬ ಆ ತತ್ವವನ್ನೇ ರಟ್ಟಿನ ಕಾರ್ಡು ಕರೆಂಟಿಲ್ಲದೆ ಮಾಡುತ್ತದೆ, ಮಳೆಗಾಲದ ಕಳಸದಲ್ಲಿ ಇದೇನು ಸಣ್ಣ ಅನುಕೂಲವಲ್ಲ.

ಇನ್ನೊಂದು ಕಾಫಿ ನಾಡಿನ ಕತೆ ನಮಗೆ ಇನ್ನೂ ಹತ್ತಿರದ್ದು. ಕೊಲಂಬಿಯಾದಲ್ಲಿ 1975ರ ಹೊತ್ತಿಗೆ ವಿಕಿ ಕೋಲ್ಬರ್ಟ್, ಆಸ್ಕರ್ ಮೊಗೊಯ್ಯೋನ್, ಬೆರಿಲ್ ಲೆವಿಂಜರ್ ಸೇರಿ ಎಸ್ಕ್ವೆಲಾ ನುಎವಾ, ಅಂದರೆ 'ಹೊಸ ಶಾಲೆ' ಎಂಬ ಪದ್ಧತಿ ಕಟ್ಟಿದರು. ಗುಡ್ಡಗಾಡಿನಲ್ಲಿ ಚದುರಿದ ಸಣ್ಣ ಶಾಲೆಗಳು, ಒಬ್ಬರೋ ಇಬ್ಬರೋ ಶಿಕ್ಷಕರು, ಕೊಯ್ಲಿನ ಕಾಲಕ್ಕೆ ಕಾಣೆಯಾಗುವ ಮಕ್ಕಳು. ಓದುಗರಿಗೆ ಈ ವಿವರಣೆ ಪರಿಚಿತ ಎನಿಸಬಹುದು. ಅವರು ಮಾಡಿದ್ದು ಮೂರು ಕೆಲಸ: ಮಗು ತಾನೇ ಓದಿ ಮುಂದುವರಿಯಬಲ್ಲ ಕಲಿಕಾ ಮಾರ್ಗದರ್ಶಿಗಳನ್ನು ಬರೆದರು, ವರ್ಷಾಂತ್ಯಕ್ಕೆ ಪಾಸು ಫೇಲು ಎನ್ನುವ ಬದಲು ಮುಗಿಸಿದಾಗ ಮುಂದಕ್ಕೆ ಎಂಬ ನಿಯಮ ತಂದರು, ಶಾಲೆಯ ದಿನದ ವ್ಯವಹಾರದಲ್ಲಿ ಮಕ್ಕಳ ಆಡಳಿತಕ್ಕೆ ನಿಜವಾದ ಜವಾಬ್ದಾರಿ ಕೊಟ್ಟರು. ಕಾಲ್ಡಾಸ್ ಪ್ರಾಂತ್ಯದ ಕಾಫಿ ಬೆಳೆಗಾರರ ಸಮಿತಿ 1980ರ ದಶಕದಿಂದ ಇದಕ್ಕೆ ಹಣ ಹಾಕಿತು, ವರ್ಷಗಟ್ಟಲೆ ಕೈಬಿಡದೆ ನಡೆಸಿತು. 1989ರಲ್ಲಿ ವಿಶ್ವಬ್ಯಾಂಕ್ ಬಡ ದೇಶಗಳ ಅತ್ಯುತ್ತಮ ಶೈಕ್ಷಣಿಕ ಸುಧಾರಣೆಗಳಲ್ಲಿ ಒಂದೆಂದು ಅದನ್ನು ಗುರುತಿಸಿತು. 1998ರಲ್ಲಿ ಯುನೆಸ್ಕೊ ಲ್ಯಾಟಿನ್ ಅಮೆರಿಕದ ದೇಶಗಳನ್ನು ಹೋಲಿಸಿ ನೋಡಿದಾಗ, ಮಹಾನಗರಗಳನ್ನು ಬಿಟ್ಟರೆ ಹಳ್ಳಿಯ ಮಕ್ಕಳು ಪಟ್ಟಣದ ಮಕ್ಕಳಿಗಿಂತ ಮುಂದಿದ್ದ ದೇಶ ಕೊಲಂಬಿಯಾ ಒಂದೇ. ಆದರೆ ಈ ಕತೆಗೆ ಇನ್ನೊಂದು ಮುಖವಿದೆ. ಸರ್ಕಾರ ಅದನ್ನು ಬಿರುಸಿನಿಂದ ಸುಮಾರು 20,000 ಶಾಲೆಗಳಿಗೆ ಹಬ್ಬಿಸಹೊರಟಾಗ ತರಬೇತಿ ತೆಳ್ಳಗಾಯಿತು, ಮಾರ್ಗದರ್ಶಿಗಳು ಸಕಾಲಕ್ಕೆ ತಲುಪಲಿಲ್ಲ, ಅನೇಕ ಕಡೆ ಹೆಸರು ಮಾತ್ರ ಉಳಿಯಿತು.

ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಆಯಿತು ಎಂಬುದು ನನ್ನ ತೀರ್ಮಾನ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ನಲಿ-ಕಲಿ ತಾವು ಕಟ್ಟಿದ ಮನೆ. 2009ರ ನಂತರ ಮೂಡಿಗೆರೆಯ ಶಿಕ್ಷಕರಿಗೆ ಅದು ಸುತ್ತೋಲೆಯಲ್ಲಿ ಬಂದ ಮನೆ. ಮೊದಲನೆಯವರು ತಮ್ಮ ಕಲಿಕೆಯನ್ನು ತಾವೇ ಮುನ್ನಡೆಸಿದ್ದರು. ಎರಡನೆಯವರಿಗೆ ಕಾರ್ಡಿನ ಪೆಟ್ಟಿಗೆ, ಕೆಲವು ದಿನದ ತರಬೇತಿ ಮತ್ತು ತುಂಬಬೇಕಾದ ನಮೂನೆಗಳು ಸಿಕ್ಕವು. ತನ್ನ ತರಗತಿಯನ್ನು ತಾನು ನಿರ್ಧರಿಸಲಾಗದ ಶಿಕ್ಷಕಿ ಮಗುವಿಗೆ ನಿರ್ಧಾರ ಬಿಟ್ಟುಕೊಡಲಿ ಎಂದು ಬಯಸುವುದು ವಿಚಿತ್ರ. ಇನ್ನು ಕಾರ್ಡು ಹರಿದರೆ ಹೊಸದು ಬರುವವರೆಗೆ ಆ ಮೆಟ್ಟಿಲೇ ಇಲ್ಲ. ಕಾರ್ಡುಗಳಲ್ಲಿ ಕಾಫಿ ತೋಟದ ಮಗುವಿನ ಲೋಕವೂ ಇರಬೇಕಲ್ಲವೆ? ಕೊಯ್ದ ಹಣ್ಣನ್ನು ಸಂಜೆ ತೂಕಕ್ಕೆ ಹಾಕಿ ರೈಟರು ಬರೆದುಕೊಳ್ಳುವುದನ್ನು ಆ ಮಗು ದಿನವೂ ನೋಡುತ್ತದೆ. ಕಿಲೋಗೆ ಇಷ್ಟು ಎಂಬ ಗುಣಾಕಾರ ಅದರ ಮನೆಯ ಗಂಜಿಗೆ ಸಂಬಂಧಿಸಿದ್ದು. ಕಣದಲ್ಲಿ ಹಣ್ಣು ಒಣಗಿದಾಗ ತೂಕ ಎಷ್ಟು ಇಳಿಯುತ್ತದೆ, ಯಾವ ತಿಂಗಳು ಎಷ್ಟು ಇಂಚು ಮಳೆಯಾಯಿತು, ಮರಗಸಿ ಮಾಡಿದ ಮೇಲೆ ಗಿಡಕ್ಕೆ ಬಿಸಿಲು ಎಷ್ಟು ಹೆಚ್ಚಾಯಿತು: ಇಷ್ಟು ಗಣಿತ, ಇಷ್ಟು ವಿಜ್ಞಾನ ಶಾಲೆಯ ಬೇಲಿಗೆ ತಾಗಿಕೊಂಡೇ ಇದೆ. ಬೆಟ್ಟದ ಶಿಕ್ಷಕರೇ ಕೂತು ಇವನ್ನು ಕಾರ್ಡಾಗಿಸಲು ಅವಕಾಶ ಬೇಕು.

ತೇಜಸ್ವಿಯವರ 'ಕರ್ವಾಲೊ' ಈ ಮೂಡಿಗೆರೆಯ ಸುತ್ತಲಿನ ಕಾದಂಬರಿ. ಅದರ ಮಂದಣ್ಣನನ್ನು ಸ್ವಯಂಕಲಿಕೆಯ ಪರವಾಗಿ ಸಾಕ್ಷಿಗೆ ಕರೆಯುವುದು ಸುಲಭ. ಊರಿನವರ ಕಣ್ಣಿಗೆ ನಿಷ್ಪ್ರಯೋಜಕನಾದವನು ಜೇನು, ಕೀಟ, ಕಾಡಿನ ವಿಷಯದಲ್ಲಿ ಪಂಡಿತ. ಶಾಲೆ ಕಲಿಸದ್ದನ್ನು ಕಾಡು ಕಲಿಸಿತು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಕಾದಂಬರಿಗೆ ಅವನ ಹೆಸರಿಲ್ಲ. ಮಂದಣ್ಣನಿಗೆ ಗೊತ್ತಿರುವುದು ಜ್ಞಾನ ಎಂದು ಮೊದಲು ಗುರುತಿಸಿದವರು ವಿಜ್ಞಾನಿ ಕರ್ವಾಲೊ. ಅವನ ಬಳಿ ಕೂತು ಕೇಳಿದವರು, ಮುಂದೇನು ನೋಡಬೇಕೆಂದು ಹೇಳಿದವರು ಅವರು. ಆ ಕಣ್ಣು ಬೀಳದಿದ್ದರೆ ಮಂದಣ್ಣ ಊರವರ ಬಾಯಲ್ಲಿ ಅಬ್ಬೇಪಾರಿಯಾಗಿಯೇ ಉಳಿಯುತ್ತಿದ್ದ. ತಾನೇ ಕಲಿಯುವ ಮಗುವಿಗೆ ಬೇಕಾದದ್ದು ಅಂಥ ದೊಡ್ಡವರು. ಆದ್ದರಿಂದ ಸ್ವಕಲಿಕೆ ಎಂದರೆ ಶಿಕ್ಷಕರ ಕೆಲಸ ಕಡಿಮೆಯಾಗುತ್ತದೆ ಎಂದು ಯಾರಾದರೂ ಭಾವಿಸಿದ್ದರೆ ಅವರು ನಲಿ-ಕಲಿ ಕೋಣೆಯಲ್ಲಿ ಅರ್ಧ ದಿನ ಕೂತು ನೋಡಲಿ. ಇಪ್ಪತ್ತೈದು ಮಕ್ಕಳು ಇಪ್ಪತ್ತೈದು ಕಡೆ ಇರುತ್ತಾರೆ; ಯಾರು ನಿಜಕ್ಕೂ ಹತ್ತಿದರು, ಯಾರು ಪಕ್ಕದವಳ ಸ್ಲೇಟು ನೋಡಿ ಮೆಟ್ಟಿಲು ಹಾರಿದರು ಎಂಬುದನ್ನು ಗುರುತಿಸುವವಳು ಶಿಕ್ಷಕಿ. ಕಪ್ಪುಹಲಗೆಯ ಮುಂದೆ ನಿಂತು ಪಾಠ ಒಪ್ಪಿಸುವುದು ಇದಕ್ಕಿಂತ ಎಷ್ಟೋ ಹಗುರದ ಕೆಲಸ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮಕ್ಕಳು ತಾವೇ ಕಲಿಯುತ್ತಾರಾದರೆ ಶಿಕ್ಷಕರ ಹುದ್ದೆ ಯಾಕೆ ತುಂಬಬೇಕು ಎಂಬ ತರ್ಕ ಬೊಕ್ಕಸ ಕಾಯುವವರಿಗೆ ಬಹಳ ಇಷ್ಟವಾಗುವಂಥದ್ದು. ಶಿಕ್ಷಕರ ಸಂಘಟನೆಗಳ ಅನುಮಾನ ಇಲ್ಲಿ ಸಕಾರಣ, ನಾನು ಅವರ ಪಕ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ 60 ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರನ್ನು ಕೇಳುತ್ತದೆ. ಅದೇ ಕಾಯ್ದೆಯ 29ನೇ ಕಲಂ ಚಟುವಟಿಕೆ, ಅನ್ವೇಷಣೆಗಳ ಮೂಲಕ ಮಕ್ಕಳನ್ನು ಕೇಂದ್ರವಾಗಿಟ್ಟ ಕಲಿಕೆಯನ್ನೂ ಕೇಳುತ್ತದೆ. ಎರಡೂ ಒಟ್ಟಿಗೆ ಬರಬೇಕು. ಜೂನ್‌ನಲ್ಲಿ ಬರಬೇಕಾದ ಅತಿಥಿ ಶಿಕ್ಷಕರು ತಡವಾಗಿ ಬಂದು ಮಾರ್ಚ್‌ಗೆ ಹೋಗಿಬಿಟ್ಟರೆ, ಯಾವ ಮಗು ಎಲ್ಲಿತ್ತು ಎಂಬ ನೆನಪೂ ಅವರ ಜೊತೆಗೇ ಹೋಗುತ್ತದೆ.

ನನಗೆ ಇದಕ್ಕಿಂತ ದೊಡ್ಡ ದೋಷವಾಗಿ ಕಾಣುವುದು ನಾಲ್ಕನೇ ತರಗತಿಯ ಹೊಸ್ತಿಲು. ಮೂರು ವರ್ಷ ತನ್ನ ಕಾರ್ಡನ್ನು ತಾನೇ ಆರಿಸಿಕೊಂಡ ಮಗು ನಾಲ್ಕಕ್ಕೆ ಬಂದ ದಿನ ಬೆಂಚಿನ ಮೇಲೆ ಕೂರುತ್ತದೆ, ಕೈಗೆ ಪಠ್ಯಪುಸ್ತಕ ಬರುತ್ತದೆ, ಏಣಿ ಹಿಂದಿನ ಕೋಣೆಯಲ್ಲೇ ಉಳಿಯುತ್ತದೆ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗಳೂ ಒಂದೇ ಕೋಣೆಯಲ್ಲಿ ನಡೆಯುತ್ತವೆ, ಆದರೆ ಬಹುವರ್ಗದ ಪದ್ಧತಿಯಿಲ್ಲದೆ. ತೋಟದ ಕಡೆಗೆ ಮಗುವಿನ ಕಾಲು ಹೆಚ್ಚು ಎಳೆಯುವ ವಯಸ್ಸೂ ಅದೇ. ಅಂದರೆ ಏಣಿ ಅತ್ಯಗತ್ಯವಾದ ಜಾಗದಲ್ಲೇ ಅದನ್ನು ತೆಗೆದಿದ್ದೇವೆ. 2024ರ ಅಸರ್ ಶಿಕ್ಷಣ ಸಮೀಕ್ಷಾ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 48.8%. ಉಳಿದ ಅರ್ಧ ಮಕ್ಕಳಿಗೆ ಐದನೆಯ ಪುಸ್ತಕ ಹಿಡಿಸಿ ಕೂರಿಸುವುದು ಶಿಸ್ತು ಎನಿಸಿಕೊಳ್ಳುತ್ತದೆ. ಇದರ ಮೇಲೆ, ಐದು ಮತ್ತು ಎಂಟನೇ ತರಗತಿಗಳಿಗೂ ರಾಜ್ಯಕ್ಕೆಲ್ಲ ಒಂದೇ ಮಂಡಳಿ ಮಟ್ಟದ ಮೌಲ್ಯಾಂಕನ ಬೇಕೆಂಬ ಹಟ ಹುಟ್ಟಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಡುವವರೆಗೂ ಆ ಜಗ್ಗಾಟ ನಡೆಯಿತು. ಒಂದನೆಯದಕ್ಕೆ ನಿನ್ನ ವೇಗದಲ್ಲಿ ಹತ್ತು ಎನ್ನುವ ಇಲಾಖೆ ಐದನೆಯದಕ್ಕೆ ಎಲ್ಲರೂ ಒಂದೇ ದಿನ ಒಂದೇ ಗೆರೆ ದಾಟಿ ಎಂದಿತು. ಕೋವಿಡ್ ನಂತರ 2022-23ರಲ್ಲಿ ಕಲಿಕಾ ಚೇತರಿಕೆ ಎಂದು ಮೇಲಿನ ತರಗತಿಗಳಿಗೂ ಕಲಿಕಾ ಹಾಳೆಗಳು ಬಂದಾಗ, ಮಗು ನಿಂತ ಮಟ್ಟದಿಂದ ಶುರು ಮಾಡಬೇಕು ಎಂಬುದನ್ನು ಇದೇ ಇಲಾಖೆ ಒಪ್ಪಿಕೊಂಡಿತ್ತು. ಲಾಕ್‌ಡೌನ್‌ನಿಂದ ಶಾಲೆ ತಪ್ಪಿದರೆ ಒಪ್ಪುವುದಾದರೆ ಕಾಫಿ ಕೊಯ್ಲಿನಿಂದ ತಪ್ಪಿದಾಗ ಯಾಕೆ ಆಗದು?

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಕೊಯ್ಲಿಗೆ ಹೋಗಿ ಬಾ, ನಿನ್ನ ಮೆಟ್ಟಿಲು ಕಾದಿರುತ್ತದೆ ಎನ್ನುವುದು ಮಗು ಶಾಲೆ ತಪ್ಪಿಸುವುದನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೆ? ಹದಿನಾಲ್ಕು ವರ್ಷದೊಳಗಿನ ಮಗು ತೋಟದ ಕೆಲಸಕ್ಕೆ ನಿಲ್ಲಬಾರದು, ಅದರಲ್ಲಿ ಎರಡು ಮಾತಿಲ್ಲ. ಲೈನ್‌ಮನೆಯ ಹತ್ತಿರ ಎಳೆಯರನ್ನು ನೋಡಿಕೊಳ್ಳುವ ಕೂಸಿನ ಮನೆ ಸರಿಯಾಗಿ ನಡೆದರೆ ತಮ್ಮನನ್ನು ಕಾಯುವ ಅಕ್ಕ ಶಾಲೆಗೆ ಬರುತ್ತಾಳೆ. ಊರಲ್ಲೇ ಋತುಮಾನದ ವಸತಿ ವ್ಯವಸ್ಥೆ ಇದ್ದರೆ ಬಯಲುಸೀಮೆಯ ಮಗು ಊರಲ್ಲೇ ಉಳಿಯುತ್ತದೆ. ಇವೆಲ್ಲ ಮೊದಲು ಆಗಬೇಕು. ಆದರೆ ಇವೆಲ್ಲ ಆಗುವವರೆಗೆ, ಗೈರುಹಾಜರಿಯ ಶಿಕ್ಷೆಯನ್ನು ಅದಕ್ಕೆ ಕಾರಣರಲ್ಲದ ಮಕ್ಕಳಿಗೆ ಕೊಡುತ್ತಿದ್ದೇವೆ. ಮರಳಿ ಬಂದಾಗ ಎಲ್ಲರ ಮುಂದೆ ಪೆದ್ದನಾಗಬೇಕಾದ ಮಗು ಎರಡನೇ ವರ್ಷ ಮರಳುವುದೇ ಇಲ್ಲ. ಇನ್ನೊಂದು ಆಕ್ಷೇಪವೂ ಉಂಟು: ತೋಟದ ಮಾಲೀಕರ ಮಕ್ಕಳು ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗಿ ಅಂಕ ತರುವಾಗ ಕೂಲಿಯವರ ಮಕ್ಕಳ ಮೇಲೇ ಈ ಪ್ರಯೋಗ ಯಾಕೆ? ಕೇಳಬೇಕಾದ ಪ್ರಶ್ನೆಯೇ ಇದು. ಆದರೆ ಆ ಮಕ್ಕಳಿಗೆ ಶಾಲೆಯ ಹೊರಗೆ ಟ್ಯೂಷನ್ ಇದೆ, ಮನೆಯಲ್ಲಿ ಓದು ಬಲ್ಲ ಅಮ್ಮ ಇದ್ದಾಳೆ, ಬಿಟ್ಟ ಪಾಠ ತುಂಬಿಕೊಡುವವರಿದ್ದಾರೆ. ಅವರಿಗೆ ಖಾಸಗಿಯಾಗಿ ಇರುವ ಏಣಿ ಲೈನ್‌ಮನೆಯ ಮಗುವಿಗೆ ಶಾಲೆಯಲ್ಲೇ ಇರಬೇಕು ಎಂಬುದಷ್ಟೇ ಇಲ್ಲಿನ ಬೇಡಿಕೆ.

ಮಾಡಬೇಕಾದದ್ದು ಬಹಳ ದೊಡ್ಡ ಯೋಜನೆಯೇನಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ತಾಲ್ಲೂಕುಗಳ ಸಣ್ಣ ಶಾಲೆಗಳಲ್ಲಿ ಏಣಿಯನ್ನು ಐದನೇ ತರಗತಿಯವರೆಗೆ ಎಳೆಯುವುದು. ಆ ಕಾರ್ಡುಗಳನ್ನು ಇಲ್ಲಿನ ಶಿಕ್ಷಕರಿಂದಲೇ ಬರೆಸಿ ಅದಕ್ಕೆ ಸಮಯ ಮತ್ತು ಗೌರವಧನ ಕೊಡುವುದು. ಕೊಯ್ಲಿನ ಹೊತ್ತಿಗೆ ಹೊರಡುವ ಮಗುವಿನ ಚೀಲದಲ್ಲಿ ಎರಡು ತಿಂಗಳ ಕಾರ್ಡುಗಳನ್ನು ಹಾಕಿ ಕಳಿಸುವುದು. ಮಗುವನ್ನು ಹಿಂಬಾಲಿಸುವ ಇಲಾಖೆಯ ಎಸ್‌ಎಟಿಎಸ್ ವಿದ್ಯಾರ್ಥಿ ಸಂಖ್ಯೆಯ ಜೊತೆ ಅದು ನಿಂತ ಮೈಲಿಗಲ್ಲಿನ ಸಂಖ್ಯೆಯೂ ಹೋಗುವಂತೆ ಮಾಡುವುದು, ಹಿರಿಯೂರಿನಲ್ಲೋ ಕಡೂರಿನಲ್ಲೋ ಬಿಟ್ಟ ಮೆಟ್ಟಿಲು ಮೂಡಿಗೆರೆಯಲ್ಲಿ ಸಿಗಬೇಕು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಏರ್ಪಾಡು ಮಾಲೀಕರ ಹೊಣೆಯಾಗುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತ್ತು. ಕಾಫಿಯ ಲಾಭಕ್ಕೂ ಕಾರ್ಮಿಕರ ಮಗುವಿನ ಓದಿಗೂ ಸಂಬಂಧವಿದೆ ಎಂಬ ತಿಳಿವಳಿಕೆ ಹೊಸದೇನಲ್ಲ. ಕಾಲ್ಡಾಸ್‌ನ ಬೆಳೆಗಾರರು ಅದನ್ನು ಮಾಡಿ ತೋರಿಸಿದರು. ಚಿಕ್ಕಮಗಳೂರಿನ ಬೆಳೆಗಾರರ ಸಂಘಗಳು ಕಾಫಿಯ ಬೆಲೆ ಏರಿದ ಈ ವರ್ಷಗಳಲ್ಲಿ ತಮ್ಮ ಹೋಬಳಿಯ ಒಂದೊಂದು ಶಾಲೆಯ ಕಾರ್ಡಿನ ಖರ್ಚು ಹೊತ್ತರೆ, ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ಕೊಯ್ಲಿಗೆ ಮುಂಚಿನ ಸಭೆಯಲ್ಲಿ ಯಾವ ಮನೆಯ ಯಾವ ಮಗು ಹೊರಡಲಿದೆ ಎಂದು ಪಟ್ಟಿ ಮಾಡಿಕೊಂಡರೆ ಕೆಲಸ ಶುರುವಾದಂತೆ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ಅರೇಬಿಕಾ ಹಣ್ಣಾಗುವುದು ನವೆಂಬರ್‌ನಲ್ಲಿ. ನಡುವೆ ಐದು ತಿಂಗಳಿವೆ.